ಒಂದೇ ಸಮುದ್ರ, ನಾಲ್ಕು ಇಮೇಲ್

ಅಕ್ಕನ ಮಗ ಯುಪಿಎಸ್‌ಸಿಗೆ ಓದುತ್ತಿದ್ದಾನೆ. ಈ ಸಲ ದೀಪಾವಳಿಗೆ ಹೊನ್ನಾವರಕ್ಕೆ ಬಂದವನು ಹಬ್ಬದ ದಿನವೂ ಪುಸ್ತಕ ಬಿಡಲಿಲ್ಲ. ಮಧ್ಯಾಹ್ನ ಉಂಡು ನಾನು ಜಗಲಿಯಲ್ಲಿ ಕಣ್ಣು ಮುಚ್ಚುವಷ್ಟರಲ್ಲಿ, "ಮಾವ, ಬರ್ಲಿನ್ ಪ್ಲಸ್ ಅಂದ್ರೆ ಎಂತ ಗೊತ್ತಿದ್ಯ?" ಅಂದ.

ಇಪ್ಪತ್ತಾರು ವರ್ಷ ಹಡಗಿನಲ್ಲಿ ಕಳೆದವನು ನಾನು. ಬರ್ಲಿನ್ನಿಗೆ ಸಮುದ್ರವೇ ಇಲ್ಲ, ನನಗೆ ಹೇಗೆ ಗೊತ್ತಿರಬೇಕು ಅಂದೆ. ಅವನು ನಗಲಿಲ್ಲ, ನೋಟ್ಸ್ ಓದಿ ಹೇಳಿದ. ಅದು 2003ರ ಮಾರ್ಚ್‌ನಲ್ಲಿ ನೇಟೊ ಮತ್ತು ಐರೋಪ್ಯ ಒಕ್ಕೂಟ ಮಾಡಿಕೊಂಡ ಒಪ್ಪಂದಗಳ ಒಂದು ಕಟ್ಟು. ಒಕ್ಕೂಟಕ್ಕೆ ಸ್ವಂತದ ಸೇನಾ ಕಚೇರಿ, ಸಲಕರಣೆ ಕಡಿಮೆ. ಬೇಕಾದಾಗ ನೇಟೊದಿಂದ ಎರವಲು ತರಬಹುದು. ಹಾಗೆ ತಂದೇ 2004ರ ಡಿಸೆಂಬರ್‌ನಲ್ಲಿ ಬೋಸ್ನಿಯಾದ ಶಾಂತಿಪಾಲನೆಯನ್ನು ನೇಟೊ ಕೈಯಿಂದ ವಹಿಸಿಕೊಂಡರು, ಸುಮಾರು 7,000 ಸೈನಿಕರು. ಪಡೆ ಒಕ್ಕೂಟದ್ದು, ಆದರೆ ವರ್ಷಗಟ್ಟಲೆ ಅದರ ದಂಡನಾಯಕ ನೇಟೊದ ಎರಡನೇ ದೊಡ್ಡ ಅಧಿಕಾರಿಯೇ. "ಎರಡು ಸಂಘಟನೆಗಳ ಸಹಕಾರಕ್ಕೆ ಅತ್ಯುತ್ತಮ ನಿದರ್ಶನ" ಎಂಬ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದ.

"ಒಳ್ಳೇದು. ಏಡನ್ ಕೊಲ್ಲಿಯಲ್ಲಿ ಇದೇ ಎರಡೂ ಎಂತ ಮಾಡಿದ್ವು ಹೇಳಿ ಉಂಟಾ ನೋಡು."

ಇರಲಿಲ್ಲ. ನನ್ನ ನಿದ್ದೆಯೂ ಹಾರಿಹೋಯಿತು. ಅಟ್ಟ ಹತ್ತಿ ಟ್ರಂಕ್ ಇಳಿಸಿದೆ. ಅದರಲ್ಲಿ ಹಳೆಯ ಸಿಡಿಸಿ, ಅಂದರೆ ನಾವಿಕನ ಗುರುತಿನ ಪುಸ್ತಕಗಳ ಕೆಳಗೆ ನೀಲಿ ರಟ್ಟಿನ ನೋಟ್‌ಬುಕ್ ಒಂದಿದೆ. 2010ರ ನವೆಂಬರ್ ತಿಂಗಳಿನದು, ಸೊಮಾಲಿಯಾದ ಕಡಲ್ಗಳ್ಳರ ಕಾಟದ ನಡುವೆ ನಾವು ಏಡನ್ ಕೊಲ್ಲಿ, ಅಂದರೆ ಯೆಮೆನ್‌ಗೂ ಸೊಮಾಲಿಯಾಕ್ಕೂ ನಡುವಿನ ಸಮುದ್ರ, ದಾಟಿದ ತಿಂಗಳು. ಲಾಗ್‌ಬುಕ್ ಕಂಪನಿಗೆ ಸೇರಿದ್ದು, ಇದು ನನ್ನದು.

ಆಗ ನಾನು ಸೆಕೆಂಡ್ ಆಫೀಸರ್. ಡೆಕ್ಕಿನ ಕೆಲಸಕ್ಕೆ ಸೇರಿ, ಮಧ್ಯೆ ಮಧ್ಯೆ ಪರೀಕ್ಷೆ ಬರೆದು ಮೇಲೆ ಬಂದವನು, ಹಾಗಾಗಿ ಆ ಹುದ್ದೆಗೆ ಬರುವಷ್ಟರಲ್ಲಿ ತಲೆ ಅರ್ಧ ನರೆತಿತ್ತು. ಹಡಗು ಒಂದು ಬಲ್ಕ್ ಕ್ಯಾರಿಯರ್, ಅಂದರೆ ಸರಕನ್ನು ರಾಶಿಯಾಗಿ ಸುರಿದು ಒಯ್ಯುವಂಥದ್ದು. ಜೋರ್ಡಾನಿನ ಅಕಾಬಾದಲ್ಲಿ ರಾಕ್ ಫಾಸ್ಫೇಟ್ ತುಂಬಿಕೊಂಡು ಪಾರಾದೀಪಕ್ಕೆ ಹೊರಟಿದ್ದೆವು. ನಮ್ಮ ಗದ್ದೆಗೆ ಹಾಕುವ ಡಿಎಪಿ ಚೀಲದ ಹಿಂದೆ ಇಂಥ ಒಂದು ಪ್ರಯಾಣ ಇರುತ್ತದೆ. ಹಡಗಿನ ಹಿಂಬದಿಯಲ್ಲಿ ಹೆಸರಿನ ಕೆಳಗೆ 'ಲಿಮಾಸೋಲ್' ಎಂದು ಬಿಳಿ ಅಕ್ಷರದಲ್ಲಿ ಬರೆದಿತ್ತು, ಅಂದರೆ ಸೈಪ್ರಸ್ ಬಾವುಟ. ಮಾಲೀಕರು ಸೈಪ್ರಸ್ಸಿನವರಲ್ಲ, ನಾವ್ಯಾರೂ ಸೈಪ್ರಸ್ ನೋಡಿದವರೂ ಅಲ್ಲ. ಹಡಗಿನ ಲೋಕದಲ್ಲಿ ಬಾವುಟ ಅಂದರೆ ಹಾಗೆಯೇ. ಒಂದೇ ವ್ಯತ್ಯಾಸ: ಟರ್ಕಿಯ ಬಂದರಿಗೆ ನಮಗೆ ಪ್ರವೇಶವಿಲ್ಲ. ಸೈಪ್ರಸ್ ಬಾವುಟದ ಹಡಗುಗಳನ್ನು ಅವರು ಒಳಗೆ ಬಿಡುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೈತುಂಬ ಸರಕು ಹೊತ್ತ ಬಲ್ಕರ್ ಅಂದರೆ ಬಸುರಿ ಎಮ್ಮೆ. ಡೆಕ್ಕಿಗೂ ನೀರಿಗೂ ಅಂತರ ಕಡಿಮೆ, ವೇಗ 12 ನಾಟ್, ಅಂದರೆ ಗಂಟೆಗೆ 12 ನಾಟಿಕಲ್ ಮೈಲಿ. ಕಡಲ್ಗಳ್ಳರ ಸ್ಕಿಫ್‌ಗಳು, ಅಂದರೆ ಎರಡು ಔಟ್‌ಬೋರ್ಡ್ ಎಂಜಿನ್ ಕಟ್ಟಿದ ಸಣ್ಣ ದೋಣಿಗಳು, 25 ನಾಟ್ ಓಡುತ್ತವೆ. ಕೊಕ್ಕೆ ಇರುವ ಒಂದು ಏಣಿ, ನಾಲ್ಕು ಬಂದೂಕು, ಹದಿನೈದು ನಿಮಿಷ, ಅಷ್ಟು ಸಾಕಿತ್ತು. 18 ನಾಟ್‌ಗಿಂತ ವೇಗವಾಗಿ ಓಡುವ ಹಡಗನ್ನು ಅವರು ಹಿಡಿದದ್ದು ಇಲ್ಲ ಎಂದು ಹಡಗಿನವರಿಗಾಗಿ ಇದ್ದ ಮುನ್ನೆಚ್ಚರಿಕೆಯ ಪುಸ್ತಿಕೆಯಲ್ಲಿತ್ತು. ನಮಗೆ ಅದನ್ನು ಓದಿ ಏನು ಪ್ರಯೋಜನ?

ಕೆಂಪು ಸಮುದ್ರದಲ್ಲಿ ಇಳಿಯುವ ನಾಲ್ಕು ದಿನವೂ ತಯಾರಿಯೇ. ಕಟಕಟೆಯ ಸುತ್ತ ಮುಳ್ಳುತಂತಿ ಸುರುಳಿ ಕಟ್ಟಿದೆವು. ಡೆಕ್ಕಿನ ಕೆಲಸಗಾರರ ಮುಖ್ಯಸ್ಥ ಬೋಸುನ್‌ನ ಕೈತುಂಬ ಗೀರುಗಳು. ಬೆಂಕಿ ಆರಿಸುವ ಮೆತುಕೊಳವೆಗಳನ್ನು ಹೊರಮುಖ ಮಾಡಿ ಕಟ್ಟಿ ಸದಾ ನೀರು ಚಿಮ್ಮುವಂತೆ ಇಟ್ಟೆವು. ಹಳೆ ಬಾಯ್ಲರ್ ಸೂಟಿಗೆ ಚಿಂದಿ ತುಂಬಿ, ತಲೆಗೆ ಹೆಲ್ಮೆಟ್ ಇಟ್ಟು, ಡೆಕ್ಕಿನ ಮೇಲೆ ಮೂರು ಬೆದರುಬೊಂಬೆ ನಿಲ್ಲಿಸಿದೆವು. ಊರಿನ ಗದ್ದೆಯದೇ ಉಪಾಯ, ಹಕ್ಕಿ ಮಾತ್ರ ಬೇರೆ. ಸ್ಟೀರಿಂಗ್ ಗೇರ್ ರೂಮನ್ನು ಸಿಟಡೆಲ್, ಅಂದರೆ ಕಳ್ಳರು ಹತ್ತಿದರೆ ಅಡಗುವ ಕೋಣೆ, ಮಾಡಿ, ಒಳಗೆ ನೀರು, ಬಿಸ್ಕತ್ತು, ಸ್ಯಾಟಲೈಟ್ ಫೋನ್ ಇಟ್ಟು, ಬಾಗಿಲು ಒಳಗಿಂದ ಹಾಕುವ ಅಭ್ಯಾಸವನ್ನು ಎರಡು ಸಲ ಮಾಡಿದೆವು. ಎರಡನೇ ಸಲ ಕುಕ್ ತಡವಾಗಿ ಬಂದ. ಅನ್ನಕ್ಕಿಟ್ಟಿದ್ದೆ ಅಂದ. ಕ್ಯಾಪ್ಟನ್ ಬಾಯಿಗೆ ಬಂದ ಹಾಗೆ ಬೈದರು.

ಕಾಗದಪತ್ರ ಸೆಕೆಂಡ್ ಆಫೀಸರನ ಪಾಲು. ಇಲ್ಲಿಂದ ನನ್ನ ಕಥೆ ಶುರು.

ಮೊದಲು ಎಂಎಸ್‌ಸಿಎಚ್‌ಒಎ ಎಂಬ ಕಚೇರಿಯಲ್ಲಿ ಹಡಗನ್ನು ನೋಂದಾಯಿಸಬೇಕು. ಅದು ಕಡಲ್ಗಳ್ಳರ ವಿರುದ್ಧ ಐರೋಪ್ಯ ಒಕ್ಕೂಟ ನಡೆಸುತ್ತಿದ್ದ ಅಟಲಾಂಟಾ ಕಾರ್ಯಾಚರಣೆಯದು, ಲಂಡನ್ ಹತ್ತಿರದ ನಾರ್ತ್‌ವುಡ್‌ನಲ್ಲಿ ಇತ್ತು. ದಿನಾ ಮಧ್ಯಾಹ್ನ ಹಡಗಿನ ಸ್ಥಾನವನ್ನು ಯುಕೆಎಂಟಿಒಗೆ ತಿಳಿಸಬೇಕು. ಅದು ಬ್ರಿಟಿಷ್ ನೌಕಾಪಡೆಯದು, ದುಬೈಯಲ್ಲಿ. ನೇಟೊ ಶಿಪ್ಪಿಂಗ್ ಸೆಂಟರ್‌ಗೆ ಒಂದು ಪ್ರತಿ, ಅದೂ ನಾರ್ತ್‌ವುಡ್‌ನಲ್ಲೇ. ಬಹ್ರೇನ್‌ನಲ್ಲಿದ್ದ ಅಮೆರಿಕನ್ನರ ಕಚೇರಿಗೆ ಇನ್ನೊಂದು. ಅದೇ ಹೆಸರು, ಅದೇ ವೇಗ, ಅದೇ 'ಫ್ರೀಬೋರ್ಡ್ (ನೀರಿನಿಂದ ಡೆಕ್ಕಿನ ಎತ್ತರ) ಎಷ್ಟು ಮೀಟರ್', ಅದೇ 'ಸಿಬ್ಬಂದಿ ಎಷ್ಟು, ಯಾವ ದೇಶದವರು'. ನಾಲ್ಕು ಇಮೇಲ್. ಒಂದರಲ್ಲಿ ಅಂಕಿ ತಪ್ಪಿದರೆ ನಾಲ್ಕರಲ್ಲೂ ತಪ್ಪು, ಮತ್ತೆ ನಾಲ್ಕು ತಿದ್ದುಪಡಿ. ನನ್ನ ನೋಟ್‌ಬುಕ್ಕಿನಲ್ಲಿ ಆ ದಿನ ಬರೆದಿದ್ದೇನೆ: 'ಇವರು ಒಬ್ಬರಿಗೊಬ್ಬರು ಮಾತಾಡುದಿಲ್ವಾ?'

ಆಗ ಅದು ಬರೀ ಗೊಣಗಾಟ. ನಾನು ಕೇಳಿದ ಪ್ರಶ್ನೆ ಎಷ್ಟು ಸರಿಯಾಗಿತ್ತು ಎಂಬುದು ಎಷ್ಟೋ ವರ್ಷದ ನಂತರ, ಮನೆಯಲ್ಲಿ ಕೂತು ಓದುವಾಗ ಗೊತ್ತಾಯಿತು.

ಏಡನ್ ಕೊಲ್ಲಿಯಲ್ಲಿ ಆಗ ಮೂರು ದೊಡ್ಡ ನೌಕಾಕೂಟಗಳಿದ್ದವು. ಒಕ್ಕೂಟದ ಅಟಲಾಂಟಾ, 2008ರ ಡಿಸೆಂಬರ್‌ನಿಂದ. ನೇಟೊದ ಓಷನ್ ಶೀಲ್ಡ್, 2009ರ ಆಗಸ್ಟ್‌ನಿಂದ. ಅದಕ್ಕೂ ಮೊದಲು ನೇಟೊ ಬೇರೆ ಎರಡು ಹೆಸರಿನಲ್ಲಿ ಬಂದುಹೋಗಿತ್ತು. ಮೂರನೆಯದು ಬಹ್ರೇನ್‌ನಿಂದ ನಡೆಯುವ ಬಹುರಾಷ್ಟ್ರ ಪಡೆಯ ಸಿಟಿಎಫ್-151, 2009ರ ಜನವರಿಯಿಂದ. ಇವುಗಳ ಹೊರಗೆ ಯಾವ ಕೂಟಕ್ಕೂ ಸೇರದೆ ಬಂದವರು: ಭಾರತ, ಚೀನಾ, ರಷ್ಯಾ, ಜಪಾನ್. ನಮ್ಮ ನೌಕಾಪಡೆ 2008ರ ಅಕ್ಟೋಬರ್‌ನಿಂದಲೇ ಅಲ್ಲಿತ್ತು.

ಯಾರು ಯಾವ ಕೂಟದಲ್ಲಿ ಎಂಬುದನ್ನು ಬಾವುಟ ನೋಡಿ ಹೇಳಲು ಸಾಧ್ಯವಿರಲಿಲ್ಲ. ಡೆನ್ಮಾರ್ಕ್ ಐರೋಪ್ಯ ಒಕ್ಕೂಟದ ಸದಸ್ಯ, ಆದರೆ ಒಕ್ಕೂಟದ ರಕ್ಷಣಾ ಕೆಲಸಕ್ಕೆ ಸೇರುವುದಿಲ್ಲ ಎಂದು ಹಿಂದೆಯೇ ವಿನಾಯಿತಿ ಪಡೆದಿತ್ತು, ಹಾಗಾಗಿ ಅದರ ಹಡಗು ನೇಟೊ ಜೊತೆ. ನಾರ್ವೆ ಒಕ್ಕೂಟದಲ್ಲೇ ಇಲ್ಲ, ಆದರೂ 2009ರಲ್ಲಿ ಅದರ ಫ್ರಿಗೇಟ್ ಅಟಲಾಂಟಾ ಜೊತೆ. ಮನೆಯ ಮಗ ನೆರೆಮನೆಯಲ್ಲಿ ಉಂಡು, ನೆರೆಯವ ಇವರ ಮನೆಯಲ್ಲಿ ಉಂಡ ಹಾಗೆ. (ಡೆನ್ಮಾರ್ಕ್ ಆ ವಿನಾಯಿತಿಯನ್ನು ಕೈಬಿಟ್ಟದ್ದು 2022ರ ಜನಮತದಲ್ಲಿ, ಉಕ್ರೇನ್ ಯುದ್ಧ ಶುರುವಾದ ಮೇಲೆ.)

ಇಷ್ಟು ಹೇಳುವಷ್ಟರಲ್ಲಿ ಅಳಿಯ ಪೆನ್ನು ತೆಗೆದುಕೊಂಡಿದ್ದ. "ಹಾಗಾದ್ರೆ ಬರ್ಲಿನ್ ಪ್ಲಸ್ ಬಳಸಿ ಒಂದೇ ಕಾರ್ಯಾಚರಣೆ ಮಾಡಬಹುದಿತ್ತಲ್ಲ ಮಾವ?"

ಅಲ್ಲಿಯೇ ಸೈಪ್ರಸ್ ಬರುವುದು. ಆ ದ್ವೀಪದ ಉತ್ತರ ಭಾಗಕ್ಕೆ 1974ರಲ್ಲಿ ಟರ್ಕಿ ಸೈನ್ಯ ಇಳಿಸಿತು. ಇವತ್ತಿಗೂ ಸೈಪ್ರಸ್ ಗಣರಾಜ್ಯವನ್ನು ಅದು ಒಪ್ಪುವುದಿಲ್ಲ. 2004ರ ಮೇ 1ರಂದು ಸೈಪ್ರಸ್ ಐರೋಪ್ಯ ಒಕ್ಕೂಟ ಸೇರಿತು. ಟರ್ಕಿ 1952ರಿಂದ ನೇಟೊದಲ್ಲಿದೆ. ಎರಡೂ ಕಡೆ ಎಲ್ಲವೂ ಸರ್ವಾನುಮತದಿಂದ ಆಗಬೇಕು, ಒಬ್ಬ ತಲೆ ಅಲ್ಲಾಡಿಸಿದರೆ ಫೈಲು ನಿಂತಿತು. ನೇಟೊದ ಗುಪ್ತ ಕಾಗದ ಸೈಪ್ರಸ್ ಕೂತ ಮೇಜಿಗೆ ಹೋಗಬಾರದು ಎಂದು ಟರ್ಕಿ. ಒಕ್ಕೂಟದ ರಕ್ಷಣಾ ಸಂಸ್ಥೆಗೆ ಟರ್ಕಿ ಕಾಲಿಡಬಾರದು ಎಂದು ಸೈಪ್ರಸ್. ಬರ್ಲಿನ್ ಪ್ಲಸ್ ಒಪ್ಪಂದಕ್ಕೆ ಸಹಿ ಬಿದ್ದಾಗ ಸೈಪ್ರಸ್ ಇನ್ನೂ ಒಳಗೆ ಬಂದಿರಲಿಲ್ಲ. ಅದು ಬಂದ ಮೇಲೆ ಎರಡೂ ಸಂಘಟನೆಗಳ ರಾಯಭಾರಿಗಳು ವಿಧ್ಯುಕ್ತವಾಗಿ ಕೂತರೆ ಮಾತಾಡಬಹುದಾದ ವಿಷಯ ಬೋಸ್ನಿಯಾ ಒಂದೇ ಆಗಿಹೋಯಿತು. ಕೊಸೊವೊ, ಅಫ್ಘಾನಿಸ್ತಾನ, ಸೊಮಾಲಿಯಾದ ಸಮುದ್ರ, ಇವೆಲ್ಲ ಎರಡೂ ಕಡೆಯವರು ಅಕ್ಕಪಕ್ಕ ಕೆಲಸ ಮಾಡುತ್ತಿದ್ದ ಜಾಗಗಳು. ಆದರೆ ಕಾರ್ಯಸೂಚಿಯಲ್ಲಿ ಅವುಗಳ ಹೆಸರು ಬರುವ ಹಾಗಿಲ್ಲ. ಅಫ್ಘಾನಿಸ್ತಾನಕ್ಕೆ ಹೋದ ಒಕ್ಕೂಟದ ಪೊಲೀಸ್ ತರಬೇತುದಾರರ ರಕ್ಷಣೆಗೆ ನೇಟೊ ಜೊತೆ ಒಂದು ಒಪ್ಪಂದವೂ ಆಗಲಿಲ್ಲ. ಒಂದೊಂದು ಪ್ರಾಂತ್ಯದಲ್ಲಿದ್ದ ಒಂದೊಂದು ದೇಶದ ಜೊತೆ ಬೇರೆ ಬೇರೆ ಮಾತಾಡಿಕೊಳ್ಳಬೇಕಾಯಿತು.

ನನಗೆ ತಮಾಷೆ ಅನ್ನಿಸುವುದು ನಾರ್ತ್‌ವುಡ್. ಅಟಲಾಂಟಾದ ಮುಖ್ಯ ಕಚೇರಿ ಅಲ್ಲಿ, ಓಷನ್ ಶೀಲ್ಡ್ ನಡೆಸುವ ನೇಟೊದ ನೌಕಾ ಕಚೇರಿಯೂ ಅಲ್ಲಿ. ಒಂದೇ ಬೇಲಿ, ಒಂದೇ ಗೇಟು. ನಾನು ದುಬೈಗೆ ಕಳಿಸಿದ ಇಮೇಲ್ ಬಿಡಿ, ನಾರ್ತ್‌ವುಡ್‌ಗೆ ಕಳಿಸಿದ ಎರಡು ಇಮೇಲ್‌ಗಳು ಒಂದೇ ಕಾಂಪೌಂಡಿನ ಎರಡು ಕೋಣೆಗೆ ಹೋಗುತ್ತಿದ್ದವು! ಅಲ್ಲಿಯ ಅಧಿಕಾರಿಗಳು ಕಾಫಿ ಹಿಡಿದುಕೊಂಡು ಪರಸ್ಪರ ಕೋಣೆಗೆ ಹೋಗಿ ಮಾತಾಡಿಕೊಳ್ಳುತ್ತಿದ್ದರು ಎಂದು ಆಮೇಲೆ ಓದಿದೆ. ಕಾಗದದ ಮೇಲೆ ಮಾತ್ರ ಅವರಿಗೆ ಪರಿಚಯವಿಲ್ಲ.

ಇದರಿಂದ ನಷ್ಟವೇನು, ಎರಡೂ ಸಂಘಟನೆಗಳ ಮುಖ್ಯ ಕಚೇರಿ ಇರುವ ಬ್ರಸೆಲ್ಸ್‌ನ ಜಗಳ ಬ್ರಸೆಲ್ಸ್‌ನಲ್ಲಿ ಇರಲಿ ಅನ್ನಬಹುದು. 2009ರ ಏಪ್ರಿಲ್‌ನ ಒಂದು ಘಟನೆ ಹೇಳುತ್ತೇನೆ. ನೇಟೊ ಕಾರ್ಯಾಚರಣೆಯಲ್ಲಿದ್ದ ಡಚ್ ಯುದ್ಧನೌಕೆಯೊಂದರ ಕಮಾಂಡೋಗಳು ಕಡಲ್ಗಳ್ಳರನ್ನು ಬೆನ್ನಟ್ಟಿ ಹೋಗಿ, ಅವರು ಸೆರೆಯಿಟ್ಟಿದ್ದ 20 ಜನ ಯೆಮೆನ್ ಮೀನುಗಾರರನ್ನು ಬಿಡಿಸಿದರು. ಏಳು ಕಳ್ಳರು ಸಿಕ್ಕಿದರು. ಬಂದೂಕು ಕಿತ್ತುಕೊಂಡು ಏಳೂ ಜನರನ್ನು ಬಿಟ್ಟುಬಿಟ್ಟರು! ಏಕೆಂದರೆ ನೇಟೊಗೆ ಕಳ್ಳರನ್ನು ಬಂಧಿಸಿಡುವ ನಿಯಮವೇ ಇರಲಿಲ್ಲ. ಅದರ ಹಿಂದಿನ ತಿಂಗಳಷ್ಟೇ ಐರೋಪ್ಯ ಒಕ್ಕೂಟ ಕೀನ್ಯಾ ಜೊತೆ ಒಪ್ಪಂದ ಮಾಡಿಕೊಂಡಿತ್ತು, ಹಿಡಿದವರನ್ನು ಅಲ್ಲಿ ವಿಚಾರಣೆಗೆ ಒಪ್ಪಿಸುವುದಕ್ಕೆ. ಅದೇ ಹಡಗು ಅದೇ ಬೆಳಿಗ್ಗೆ ಒಕ್ಕೂಟದ ಹೆಸರಿನಲ್ಲಿ ಓಡುತ್ತಿದ್ದರೆ ಆ ಏಳು ಜನ ಮೊಂಬಾಸಾದ ಕೋರ್ಟು ನೋಡುವ ದಾರಿಯಾದರೂ ಇತ್ತು. ಹಡಗಿನ ಮೆಸ್ಸಿನಲ್ಲಿ ಈ ಸುದ್ದಿ ಓದಿದ ನಮ್ಮ ಚೀಫ್ ಎಂಜಿನಿಯರ್ ಪತ್ರಿಕೆಯನ್ನು ಮಡಚಿ, ಮಾತಾಡದೆ ಎದ್ದು ಹೋದದ್ದು ನೆನಪಿದೆ.

ಹಾಗಿದ್ದೂ ಕೆಲಸ ನಡೆಯಿತು. ಹೇಗೆ ನಡೆಯಿತು ಎನ್ನುವುದೇ ನನಗೆ ಈ ಇಡೀ ವ್ಯವಹಾರದಲ್ಲಿ ಇಷ್ಟವಾದ ಭಾಗ.

ಬಹ್ರೇನ್‌ನಲ್ಲಿ 'ಶೇಡ್' ಎಂಬ ಸಭೆ 2008ರ ಕೊನೆಗೆ ಶುರುವಾಯಿತು. ಪೂರ್ತಿ ಹೆಸರು ಉದ್ದ. ಅರ್ಥ ಇಷ್ಟೇ: ನಿಮಗೆ ಗೊತ್ತಿರುವುದನ್ನು ಹೇಳಿ, ನಾವು ಇರುವ ಕಡೆ ನೀವು ಬಂದು ಡಿಕ್ಕಿ ಹೊಡೆಯಬೇಡಿ. ಒಪ್ಪಂದವಿಲ್ಲ, ಯಾರ ಮೇಲೆ ಯಾರ ಅಧಿಕಾರವೂ ಇಲ್ಲ, ಬಂದರೆ ಬಂದಿರಿ. ಒಕ್ಕೂಟ, ನೇಟೊ, ಬಹ್ರೇನ್‌ನ ಪಡೆ ಇವು ಸರದಿಯಲ್ಲಿ ಅಧ್ಯಕ್ಷತೆ ವಹಿಸುತ್ತಿದ್ದವು. ಚೀನಾದವರು ಬಂದರು, ರಷ್ಯಾದವರು ಬಂದರು, ನಮ್ಮವರೂ ಹೋದರು. ಭಾರತ, ಚೀನಾ, ಜಪಾನ್ ಮೂರೂ ತಮ್ಮ ತಮ್ಮ ಹಡಗು ಸಾಲುಗಳನ್ನು ಬೆಂಗಾವಲಿನಲ್ಲಿ ಕರೆದೊಯ್ಯುತ್ತಿದ್ದವು. ಒಂದೇ ದಿನ ಮೂರೂ ಹೊರಟು ಮರುದಿನ ಒಂದೂ ಇಲ್ಲದಂತೆ ಆಗುತ್ತಿತ್ತು. ನಮ್ಮ ಊರಿನ ಬಸ್ಸುಗಳ ಹಾಗೆ. 2012ರಿಂದ ಮೂವರೂ ವೇಳಾಪಟ್ಟಿ ಹೊಂದಿಸಿಕೊಂಡರು. ಗಡಿಯಲ್ಲಿ ಮುಖ ತಿರುಗಿಸುವ ದೇಶಗಳು ಕಡಲಲ್ಲಿ ಟೈಮ್‌ಟೇಬಲ್ ಹಂಚಿಕೊಂಡವು.

ಇನ್ನೊಂದು 'ಮರ್ಕ್ಯುರಿ'. ಇದು ಒಂದು ಚಾಟ್ ರೂಮ್. ಗುಪ್ತ ಅಲ್ಲವೇ ಅಲ್ಲ, ಇಂಟರ್‌ನೆಟ್ ಇದ್ದರೆ ಸಾಕು, ಪಾಸ್‌ವರ್ಡ್ ಕೊಟ್ಟು ಒಳಗೆ ಬರಬೇಕು. ಕೊಲ್ಲಿಯಲ್ಲಿದ್ದ ಯುದ್ಧನೌಕೆಗಳು, ದುಬೈ, ನಾರ್ತ್‌ವುಡ್, ಬಹ್ರೇನ್ ಎಲ್ಲ ಅದರಲ್ಲಿ. ಅದರ ಬಲ ಇದ್ದದ್ದೇ ಅದು ಗುಪ್ತವಲ್ಲ ಎಂಬುದರಲ್ಲಿ. ಗುಪ್ತ ಕಾಗದಕ್ಕೆ ಟರ್ಕಿಯ ಒಪ್ಪಿಗೆ ಬೇಕು, ಸೈಪ್ರಸ್ಸಿನ ಒಪ್ಪಿಗೆ ಬೇಕು. 'ಈ ಅಕ್ಷಾಂಶ ರೇಖಾಂಶದಲ್ಲಿ ಎರಡು ಸ್ಕಿಫ್, ಏಣಿ ಕಾಣಿಸುತ್ತಿದೆ' ಎಂದು ಟೈಪ್ ಮಾಡಲು ಯಾರ ಒಪ್ಪಿಗೆ ಬೇಕು?

ನಾವು ಕಾರಿಡಾರ್ ಹೊಕ್ಕದ್ದು ಸಂಜೆ. ಕೊಲ್ಲಿಯ ನಡುವೆ ಹಡಗುಗಳಿಗಾಗಿ ಗುರುತಿಸಿದ ದಾರಿ ಅದು: ಸುಮಾರು 490 ನಾಟಿಕಲ್ ಮೈಲಿ ಉದ್ದ, ಹೋಗಲು ಐದು ಮೈಲಿ ಅಗಲ, ಬರಲು ಐದು ಮೈಲಿ, ಮಧ್ಯೆ ಎರಡು ಮೈಲಿ ಖಾಲಿ. ಪೂರ್ವಕ್ಕೆ ಹೋಗುವವರ ಕೋರ್ಸ್ 072 ಡಿಗ್ರಿ. ಒಂದೇ ವೇಗದ ಹಡಗುಗಳನ್ನು ಗುಂಪು ಮಾಡಿ ಬಿಡುತ್ತಾರೆ. 10 ನಾಟಿನವರು ಮೊದಲು, 18ರವರು ಕೊನೆಗೆ. ಅತಿ ಅಪಾಯದ ಭಾಗವನ್ನು ಎಲ್ಲರೂ ರಾತ್ರಿಯಲ್ಲಿ ದಾಟಿ, ಬೆಳಗಾಗುವಾಗ ಒಟ್ಟಿಗೆ ಇರುವಂತೆ ಲೆಕ್ಕ. ಕಳ್ಳರು ಬರುವುದು ಹೆಚ್ಚಾಗಿ ನಸುಕಿಗೆ. ನಮ್ಮ ಗುಂಪಿನಲ್ಲಿ ಒಂಬತ್ತು ಹಡಗು.

ನನ್ನ ವಾಚ್, ಅಂದರೆ ಕಾವಲಿನ ಪಾಳಿ, ರಾತ್ರಿ ಹನ್ನೆರಡರಿಂದ ನಾಲ್ಕು. ಮುಗಿದ ಮೇಲೂ ಕೆಳಗೆ ಹೋಗಲಿಲ್ಲ, ಆ ಎರಡು ರಾತ್ರಿ ಯಾರೂ ಸರಿಯಾಗಿ ಮಲಗಿದವರಲ್ಲ. 05:40ಕ್ಕೆ, ಪೂರ್ವದಲ್ಲಿ ಬೂದಿ ಬಣ್ಣ ಬರುತ್ತಿದ್ದಂತೆ, ಬಲಗಡೆ ಹಿಂಬದಿಯಿಂದ ಮೂರು ಬಿಳಿ ಗೆರೆಗಳು ಕಂಡವು. ರೇಡಾರ್‌ನಲ್ಲಿ ಏನೂ ಇಲ್ಲ, ಅಷ್ಟು ಸಣ್ಣ ಮರದ ದೋಣಿ ಅಲೆಯ ಗಲಿಬಿಲಿಯಲ್ಲಿ ಬೀಳುವುದಿಲ್ಲ. ಕ್ಯಾಪ್ಟನ್ ಅಲಾರಂ ಒತ್ತಿದರು. ನಾನು ರೇಡಿಯೋದ ತುರ್ತು ಚಾನೆಲ್ 16 ಹಿಡಿದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

ಮೊದಲು ಉತ್ತರ ಕೊಟ್ಟದ್ದು ದೂರದ ಒಂದು ಧ್ವನಿ, ಅಕ್ಷರಗಳು ಕತ್ತರಿಸಿ ಕತ್ತರಿಸಿ ಬಂದವು. ಆಮೇಲೆ ಒಂದು ಸ್ಪಷ್ಟ ಧ್ವನಿ: "ದಿಸ್ ಈಸ್ ಟರ್ಕಿಶ್ ವಾರ್‌ಶಿಪ್." ಹಡಗಿನ ಹೆಸರು, ಸ್ಥಾನ, ವೇಗ ಕೇಳಿತು. ಹೇಳಿದೆ. ಬಾವುಟ ಕೇಳಿತು.

"ಸೈಪ್ರಸ್."

ಒಂದು ಕ್ಷಣ ರೇಡಿಯೋ ಸುಮ್ಮನಾಯಿತು. ಅದು ನನ್ನ ಭ್ರಮೆಯೂ ಇರಬಹುದು, ಅಂಥ ಹೊತ್ತಿನಲ್ಲಿ ಒಂದು ಕ್ಷಣವೂ ಉದ್ದ. ಆಮೇಲೆ, "ರಾಜರ್. ಮೇಂಟೇನ್ ಕೋರ್ಸ್ ಅಂಡ್ ಸ್ಪೀಡ್. ವಿ ಆರ್ ಕಮಿಂಗ್."

ದೋಣಿಗಳು ಒಂದೂವರೆ ಮೈಲಿ ಹತ್ತಿರ ಬಂದು, ಹತ್ತು ನಿಮಿಷ ಸಮಾನಾಂತರ ಓಡಿ, ದಕ್ಷಿಣಕ್ಕೆ ತಿರುಗಿದವು. ಅರ್ಧ ಗಂಟೆಯಲ್ಲಿ ಬೂದು ಬಣ್ಣದ ಹಡಗು ನಮ್ಮ ಮತ್ತು ಅವುಗಳ ನಡುವೆ ಬಂತು. ಸಂಜೆ ನಾರ್ತ್‌ವುಡ್‌ನಿಂದ, ಅಂದರೆ ಒಕ್ಕೂಟದ ಕೋಣೆಯಿಂದ, ಎಲ್ಲ ಹಡಗುಗಳಿಗೂ ಇಮೇಲ್ ಬಂತು: ಇಂಥ ಸ್ಥಾನದಲ್ಲಿ ಮೂರು ಸ್ಕಿಫ್, ತಪಾಸಣೆಯಲ್ಲಿ ಮೀನು ಬಲೆ ಸಿಕ್ಕಿದೆ, ಏಣಿ ಸಿಕ್ಕಿಲ್ಲ. ಏಣಿಯನ್ನು ನೀರಿಗೆ ಹಾಕಲು ಎಷ್ಟು ಹೊತ್ತು ಬೇಕು? ಅಥವಾ ನಿಜವಾಗಿ ಮೀನುಗಾರರೇ, ತಮ್ಮ ಬಲೆಯಿಂದ ನಮ್ಮನ್ನು ದೂರ ಸರಿಸಲು ಬಂದವರೇ? ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿರುವುದು ಒಂದೇ: ಟರ್ಕಿಯ ಹಡಗು ಕಂಡದ್ದು ಕೆಲವೇ ಗಂಟೆಯಲ್ಲಿ ಒಕ್ಕೂಟದ ಇಮೇಲ್ ಆಗಿ ಸೈಪ್ರಸ್ ಬಾವುಟದ ಹಡಗಿಗೆ ಬಂತು. ಬ್ರಸೆಲ್ಸ್‌ನಲ್ಲಿ ಈ ದಾರಿ ಮುಚ್ಚಿತ್ತು.

ಹೀಗೆ ಹೇಳಿ ಬಿಟ್ಟರೆ ಚಾಟ್ ರೂಮ್ ಒಂದು ದೇವರಂತೆ ಕಾಣುತ್ತದೆ. ಹಾಗಲ್ಲ. ಮಾಹಿತಿ ಎಲ್ಲರಿಗೂ ಮುಟ್ಟದೆ ಇದ್ದ ಕಾಲದ ಒಂದು ಗಾಯ ನಮ್ಮದೇ ಇದೆ. 2008ರ ನವೆಂಬರ್ 18ರಂದು ಐಎನ್‌ಎಸ್ ತಬರ್ ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರ ಮದರ್ ಶಿಪ್, ಅಂದರೆ ಸ್ಕಿಫ್‌ಗಳನ್ನು ದೂರಕ್ಕೆ ಒಯ್ಯುವ ದೊಡ್ಡ ಹಡಗು, ಒಂದನ್ನು ಮುಳುಗಿಸಿತು. ಟಿವಿಯಲ್ಲಿ ಅದೇ ಸುದ್ದಿ, ಅಮ್ಮ ಫೋನ್ ಮಾಡಿ "ನಮ್ಮವರು ಹೊಡೆದ್ರಂತಲ್ಲೋ ತಮಾ" ಅಂದಿದ್ದಳು. ವಾರದ ನಂತರ ತಿಳಿಯಿತು, ಅದು ಕಳ್ಳರು ಹಿಡಿದಿದ್ದ ಥಾಯ್ಲೆಂಡಿನ ಮೀನುಗಾರಿಕಾ ಹಡಗು. ಅದರ ಮೀನುಗಾರರು ಒಳಗೇ ಇದ್ದರು. ದಿನಗಟ್ಟಲೆ ನೀರಿನಲ್ಲಿ ತೇಲಿ ಬದುಕಿ ಸಿಕ್ಕವನು ಒಬ್ಬ. ತಮ್ಮ ಮೇಲೆ ಗುಂಡು ಹಾರಿಸುವ ಬೆದರಿಕೆ ಬಂತು, ಆತ್ಮರಕ್ಷಣೆಗೆ ಹೊಡೆದೆವು ಎಂದು ನೌಕಾಪಡೆ ಹೇಳಿತು. ಆ ಕ್ಷಣದಲ್ಲಿ ಹಡಗಿನ ಮೇಲೆ ನಿಂತವನ ಕಷ್ಟ ನನಗೆ ಅರ್ಥವಾಗುತ್ತದೆ, ದೂರುವುದಿಲ್ಲ. ಆದರೆ ಆಗ ಶೇಡ್ ಇರಲಿಲ್ಲ, ಅಟಲಾಂಟಾ ಶುರುವಾಗಲು ಇನ್ನೂ ಮೂರು ವಾರ ಇತ್ತು. ಯಾವ ಹಡಗು ಕಳವಾಗಿದೆ ಎಂಬ ಪಟ್ಟಿ ಎಲ್ಲರ ಮೇಜಿನ ಮೇಲೂ ಒಂದೇ ಆಗಿದ್ದರೆ ಅವತ್ತು ಬೇರೆಯಾಗುತ್ತಿತ್ತೇನೋ ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು ಗಾಯ. 2011ರ ಮೊದಲ ಮೂರು ತಿಂಗಳಲ್ಲಿ ನಮ್ಮ ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆ ಅರಬ್ಬೀ ಸಮುದ್ರದಲ್ಲಿ ಸುಮಾರು 120 ಕಡಲ್ಗಳ್ಳರನ್ನು ಹಿಡಿದು ಮುಂಬೈಗೆ ತಂದವು. ಏಪ್ರಿಲ್‌ನಲ್ಲಿ ಕಳ್ಳರ ಸೆರೆಯಲ್ಲಿದ್ದ ಆಸ್ಫಾಲ್ಟ್ ವೆಂಚರ್ ಎಂಬ ಹಡಗಿಗೆ ಒತ್ತೆಹಣ ಸಂದಾಯವಾಯಿತು. ಹಡಗನ್ನು ಬಿಟ್ಟರು, ಏಳು ಭಾರತೀಯರನ್ನು ಬಿಡಲಿಲ್ಲ. ನಿಮ್ಮವರು ಹಿಡಿದ ನಮ್ಮವರನ್ನು ಬಿಡಿ, ಆಮೇಲೆ ಇವರನ್ನು ಬಿಡುತ್ತೇವೆ ಅಂದರು ಕಳ್ಳರು. ಆ ಏಳು ಜನ ಮನೆಗೆ ಬಂದದ್ದು 2014ರ ಕೊನೆಗೆ. ಹಡಗು ಸೆರೆಯಾಗಿ ನಾಲ್ಕು ವರ್ಷ. ಎಷ್ಟು ಮೈತ್ರಿಕೂಟಗಳ ಎಷ್ಟು ಹಡಗುಗಳು ಆ ನೀರಿನಲ್ಲಿ ಓಡಾಡಿದವು ಆ ನಾಲ್ಕು ವರ್ಷ! ನಮ್ಮ ಹಡಗಿನವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈಗಲೂ ಯಾರಾದರೂ ಆ ಹೆಸರು ಎತ್ತಿದರೆ ಗುಂಪು ಸ್ವಲ್ಪ ಹೊತ್ತು ತಣ್ಣಗಾಗುತ್ತದೆ.

ಮತ್ತೆ ಒಂದು ಗೆರೆಯ ಕಥೆ. ಹಡಗು ಉದ್ಯಮದ ಸಂಘಟನೆಗಳು ಈ ನೌಕಾಕೂಟಗಳ ಬೆಂಬಲದೊಂದಿಗೆ 'ಅತಿ ಅಪಾಯದ ವಲಯ' ಎಂದು ನಕ್ಷೆಯಲ್ಲಿ ಒಂದು ಗೆರೆ ಎಳೆದವು. ಕಳ್ಳರು ದೂರ ದೂರ ಬಂದಂತೆ ಗೆರೆಯೂ ಸರಿಯಿತು, 2010ರಲ್ಲಿ ಪೂರ್ವ ರೇಖಾಂಶ 78 ಡಿಗ್ರಿಗೆ ಬಂತು. ಮನೆಯಲ್ಲಿ ನಕ್ಷೆ ಇದ್ದರೆ ನೋಡಿ: 78 ಅಂದರೆ ಕನ್ಯಾಕುಮಾರಿಯನ್ನೂ ದಾಟಿ. ನಮ್ಮ ಇಡೀ ಪಶ್ಚಿಮ ಕರಾವಳಿ ಒಳಗೆ. ಕಾರವಾರದ ಕದಂಬ ನೌಕಾನೆಲೆ ಇರುವುದು 74 ಡಿಗ್ರಿಯ ಹತ್ತಿರ, ಅದೂ ಕಾಗದದ ಲೆಕ್ಕದಲ್ಲಿ ಕಡಲ್ಗಳ್ಳರ ವಲಯ! ಗೆರೆಯೊಳಗೆ ಬರುವ ಹಡಗಿಗೆ ವಿಮೆ ದುಬಾರಿ, ಬಂದೂಕುಧಾರಿ ಕಾವಲುಗಾರರು ಹತ್ತಿದರು. ಮಂಗಳೂರಿಗೆ ಬರುವ ಹಡಗಿನ ಮೇಲೂ ಕಾವಲುಗಾರ, ಕೊಚ್ಚಿಗೆ ಬರುವುದರ ಮೇಲೂ.

ಆ ವರ್ಷ ರಜೆಗೆ ಬಂದಾಗ ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಬೋಟಿನ ಯಜಮಾನರೊಬ್ಬರು ಕೇಳಿದ್ದರು, "ನಾವು ಬಲೆ ಹಾಕಿದಲ್ಲಿ ದೊಡ್ಡ ಹಡಗು ಬಂದ್ರೆ ನಾವು ಹತ್ರ ಹೋಗಿ ಕೈ ಬೀಸ್ತೇವೆ, ಬಲೆ ಹರಿದುಹೋಗ್ತದಲ್ಲ. ನೀವು ಮೇಲಿಂದ ನೋಡಿದ್ರೆ ನಾವು ಹೆಂಗೆ ಕಾಣ್ತೇವೆ?" ಕಳ್ಳರ ಹಾಗೇ ಕಾಣುತ್ತೀರಿ ಎಂದು ಹೇಳಲು ಬಾಯಿ ಬರಲಿಲ್ಲ. ದೂರದಿಂದ ಗೊತ್ತಾಗುತ್ತದೆ ಎಂದು ಸುಳ್ಳು ಹೇಳಿದೆ. 2012ರ ಫೆಬ್ರವರಿ 15ರಂದು ಕೇರಳದ ತೀರದಿಂದ ಸುಮಾರು 20 ನಾಟಿಕಲ್ ಮೈಲಿ ದೂರದಲ್ಲಿ, ಎನ್ರಿಕಾ ಲೆಕ್ಸಿ ಎಂಬ ಇಟಲಿಯ ಟ್ಯಾಂಕರ್ ಮೇಲಿದ್ದ ನೌಕಾಸೈನಿಕರು ಮೀನು ಬೋಟಿನ ಮೇಲೆ ಗುಂಡು ಹಾರಿಸಿದರು. ಇಬ್ಬರು ಮೀನುಗಾರರು ಸತ್ತರು. ಪ್ರಕರಣ ಹೇಗ್ ನಗರದ ನ್ಯಾಯಮಂಡಳಿಯವರೆಗೆ ಹೋಯಿತು, ಹತ್ತು ಕೋಟಿ ರೂಪಾಯಿ ಪರಿಹಾರ ಬಂತು, 2021ರಲ್ಲಿ ಸುಪ್ರೀಂ ಕೋರ್ಟ್ ಮುಗಿಸಿತು. ಭಾರತ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 2015ರ ಡಿಸೆಂಬರ್‌ನಲ್ಲಿ ಗೆರೆ 65 ಡಿಗ್ರಿಗೆ ಹಿಂದೆ ಸರಿಯಿತು. ಆ ಯಜಮಾನರನ್ನು ಆಮೇಲೆ ನಾನು ಎಷ್ಟೋ ಸಲ ಭೇಟಿಯಾಗಿದ್ದೇನೆ. ಅವರೂ ಕೇಳಲಿಲ್ಲ, ನಾನೂ ಎತ್ತಲಿಲ್ಲ.

ಸೊಮಾಲಿಯಾದ ಕಳ್ಳರ ದಾಳಿಗಳು 2011ರಲ್ಲಿ 237, ಮರುವರ್ಷ 75, ಅದರ ಮರುವರ್ಷ 15. ಯಾವುದರಿಂದ ಇಳಿಯಿತು ಎಂದರೆ ಎಲ್ಲರೂ ತಮ್ಮಿಂದ ಅನ್ನುತ್ತಾರೆ: ನೌಕಾಪಡೆಯವರು, ಕಾವಲುಗಾರರ ಕಂಪನಿಗಳು, ಮುಳ್ಳುತಂತಿ ಮಾರಿದವರು. ನೇಟೊ 2016ರ ಡಿಸೆಂಬರ್‌ನಲ್ಲಿ ಗಂಟುಮೂಟೆ ಕಟ್ಟಿತು. ಬ್ರಿಟನ್ ಒಕ್ಕೂಟ ಬಿಟ್ಟ ಗಲಾಟೆಯಲ್ಲಿ ಅಟಲಾಂಟಾದ ಕಚೇರಿ ನಾರ್ತ್‌ವುಡ್‌ನಿಂದ ಸ್ಪೇನಿನ ರೋಟಾಕ್ಕೆ ಹೋಯಿತು. ನನ್ನ ಇಮೇಲ್ ಕೋಣೆ, ಅಂದರೆ ಎಂಎಸ್‌ಸಿಎಚ್‌ಒಎ, ಫ್ರಾನ್ಸಿನ ಬ್ರೆಸ್ಟ್‌ಗೆ. ಗುರುಗ್ರಾಮದಲ್ಲಿ ನಮ್ಮದೇ ಮಾಹಿತಿ ಕೇಂದ್ರ 2018ರಲ್ಲಿ ತೆರೆಯಿತು, ಬೇರೆ ದೇಶಗಳ ನೌಕಾಧಿಕಾರಿಗಳೂ ಅಲ್ಲಿ ಕೂರುತ್ತಾರೆ. 2023ರ ಜನವರಿ 1ಕ್ಕೆ 'ಅತಿ ಅಪಾಯದ ವಲಯ' ಎಂಬುದೇ ರದ್ದಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ರುಯೆನ್ ಎಂಬ ಹಡಗು ಸೆರೆಯಾಯಿತು. ಅದರದ್ದು ಮಾಲ್ಟಾ ಬಾವುಟ, ಒಕ್ಕೂಟದಲ್ಲಿದ್ದೂ ನೇಟೊದಲ್ಲಿಲ್ಲದ ಇನ್ನೊಂದು ದ್ವೀಪ. 2024ರ ಮಾರ್ಚ್‌ನಲ್ಲಿ ನಮ್ಮ ಐಎನ್‌ಎಸ್ ಕೋಲ್ಕತಾ ಮತ್ತು ವಿಮಾನದಿಂದ ಧುಮುಕಿದ ಕಮಾಂಡೋಗಳು 17 ಸಿಬ್ಬಂದಿಯನ್ನೂ ಬಿಡಿಸಿದರು, 35 ಕಳ್ಳರು ಶರಣಾದರು. ಆ ಹೊತ್ತಿಗೆ ಪಕ್ಕದ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂತಿ ಬಂಡುಕೋರರ ವಿರುದ್ಧ ಅಮೆರಿಕನ್ನರ ಕೂಟ ಒಂದು, ಒಕ್ಕೂಟದ ಆಸ್ಪಿಡೆಸ್ ಇನ್ನೊಂದು. ಈಗಿನ ಸೆಕೆಂಡ್ ಆಫೀಸರ್‌ಗಳಿಗೆ ಎಷ್ಟು ಇಮೇಲ್ ಎಂದು ಗುಂಪಿನಲ್ಲಿ ಕೇಳಿದೆ. ಒಬ್ಬ ಹುಡುಗ ಅಳುವ ಮುಖದ ಎಮೋಜಿ ಹಾಕಿದ.

ಅಳಿಯ ನೋಟ್‌ಬುಕ್ಕಿನ ಪುಟಗಳ ಫೋಟೋ ತೆಗೆದುಕೊಂಡು ಬೆಂಗಳೂರಿಗೆ ಹೋದ. ಮೊನ್ನೆ ಫೋನ್ ಮಾಡಿದ್ದ. ಅವನ ಕೋಚಿಂಗ್‌ನಲ್ಲಿ ಇದೇ ಪ್ರಶ್ನೆ ಕೊಟ್ಟಿದ್ದರಂತೆ, ಉತ್ತರ 250 ಪದದೊಳಗೆ ಇರಬೇಕು. ಬರ್ಲಿನ್ ಪ್ಲಸ್ ಬರೆದಿದ್ದಾನೆ, ಬೋಸ್ನಿಯಾ ಬರೆದಿದ್ದಾನೆ, ಸೈಪ್ರಸ್‌ಗೆ ಎರಡು ಸಾಲು ಕೊಟ್ಟಿದ್ದಾನೆ.

"ಮರ್ಕ್ಯುರಿ?" ಅಂದೆ.

"ಪದ ಜಾಸ್ತಿ ಆಯ್ತು ಮಾವ, ಅದನ್ನ ತೆಗೆದೆ."